ಮೊದಲು ಮೇಲೆತ್ತುವ ಲೆಕ್ಕ



ಕೊಚ್ಚಿ, ತಿರುವನಂತಪುರಗಳಲ್ಲಿ ಹುಟ್ಟಿ ಬೆಳೆದ ನಿಮಗೆ ನೀರು ಹೊಸದೇನಲ್ಲ. ಧಾರವಾಡದಿಂದಲೋ ಹಾಸನದಿಂದಲೋ ಬಂದ ನಿಮ್ಮ ತಂದೆತಾಯಿ ಎರ್ನಾಕುಲಂ ಜೆಟ್ಟಿಯಲ್ಲಿ ಮೊದಲ ಸಲ ಬೋಟು ಹತ್ತುವಾಗ ಕಂಬಿ ಬಿಗಿಯಾಗಿ ಹಿಡಿದುಕೊಂಡಿರಬಹುದು. ನೀವು ಬಸ್ಸು ಹತ್ತಿದಷ್ಟು ಸಲೀಸಾಗಿ ಹತ್ತುತ್ತೀರಿ. ಈಗ ಬೋಳ್ಗಾಟಿಯಲ್ಲಿ 2010ರಲ್ಲಿ ಆರಂಭವಾದ ಮರೀನಾ ಇದೆ, ಹಾಯಿದೋಣಿಯ ಆಸೆಯೂ ನಿಮ್ಮಲ್ಲಿ ಕೆಲವರಿಗೆ ಹುಟ್ಟಿದೆ. ಹಾಯಿ ಬಿಚ್ಚಿ ಗಾಳಿ ಹಿಡಿಯುವ ಸೊಗಸನ್ನು ಹೇಳುವವರು ಬಹಳ ಮಂದಿ ಸಿಗುತ್ತಾರೆ. ದೋಣಿಯನ್ನು ಟ್ರೇಲರ್‌ನಿಂದ ನೀರಿಗಿಳಿಸುವುದು, ಸಂಜೆ ಅದನ್ನು ಮತ್ತೆ ಟ್ರೇಲರ್ ಮೇಲೆ ಕೂರಿಸುವುದು, ಈ ಎರಡು ಕೆಲಸಗಳ ಬಗ್ಗೆ ಮಾತ್ರ ಯಾರೂ ಹೇಳುವುದಿಲ್ಲ. ಈ ತಿಂಗಳು ಅದನ್ನೇ ನೋಡೋಣ.

ಮೊದಲು ಕೀಲ್ ಎಂದರೇನು ಎಂದು ತಿಳಿಯಬೇಕು. ದೋಣಿಯ ಹೊಟ್ಟೆಯಿಂದ ಕೆಳಗೆ ಮೀನಿನ ರೆಕ್ಕೆಯಂತೆ ಇಳಿದಿರುವ ಭಾರವಾದ ಭಾಗವೇ ಕೀಲ್. ಅದರಲ್ಲಿ ಸೀಸವೋ ಕಬ್ಬಿಣವೋ ಇರುತ್ತದೆ. ಎಷ್ಟೋ ದೋಣಿಗಳಲ್ಲಿ ಒಟ್ಟು ತೂಕದ ಮೂರನೇ ಒಂದು ಭಾಗ ಇಲ್ಲೇ ಇರುವುದುಂಟು. ಅಡ್ಡಗಾಳಿಗೆ ದೋಣಿ ಪಕ್ಕಕ್ಕೆ ಜಾರದಂತೆ ಅದು ತಡೆಯುತ್ತದೆ, ವಾಲಿದಾಗ ಮತ್ತೆ ನೆಟ್ಟಗೆ ನಿಲ್ಲಿಸುತ್ತದೆ. ಕೇರಳದವರೇ ಆದ ನೌಕಾಪಡೆಯ ಅಭಿಲಾಷ್ ಟೋಮಿ 2018ರ ಸೆಪ್ಟೆಂಬರಿನಲ್ಲಿ ದಕ್ಷಿಣ ಹಿಂದೂ ಮಹಾಸಾಗರದ ಬಿರುಗಾಳಿಗೆ ಸಿಕ್ಕಿದ್ದು ನಿಮಗೆ ನೆನಪಿರಬೇಕು. ಅವರ 'ತುರೀಯ' ಉರುಳಿತು, ಕೂವೆಮರ ಮುರಿಯಿತು, ಅವರ ಬೆನ್ನಿಗೆ ಪೆಟ್ಟಾಯಿತು. ಆದರೂ ದೋಣಿ ಮತ್ತೆ ಮೇಲ್ಮುಖವಾಗಿ ನಿಂತಿತು. ಸಹಾಯ ಬರುವವರೆಗೆ ಅವರು ಅದರೊಳಗೇ ಮಲಗಿದ್ದರು. ಅಡಿಯಲ್ಲಿರುವ ಭಾರದ ಬೆಲೆ ಅದು.

ಸಮುದ್ರದಲ್ಲಿ ಕಾಯುವ ಈ ಕೀಲ್ ದಡದಲ್ಲಿ ಮಾತ್ರ ಕಾಟ ಕೊಡುತ್ತದೆ. ಚಪ್ಪಟೆ ತಳದ ದೋಣಿಯನ್ನು ಮೊಣಕಾಲುದ್ದ ನೀರಿನಲ್ಲಿ ತಳ್ಳಿಬಿಡಬಹುದು. ಕೀಲ್ ಇರುವ ದೋಣಿ ಟ್ರೇಲರ್ ಮೇಲೆ ಎತ್ತರದಲ್ಲಿ ಕೂತಿರುತ್ತದೆ, ತೇಲಲು ಆಳವೂ ಬೇಕು. ಒಂದು ಲೆಕ್ಕ ಮಾಡಿ. ದೋಣಿ ತೇಲಲು 1.2 ಮೀಟರ್ ನೀರು ಬೇಕು ಎನ್ನಿ. ಟ್ರೇಲರ್ ಮೇಲೆ ಕೀಲ್‌ನ ತುದಿ ನೆಲದಿಂದ 0.4 ಮೀಟರ್ ಮೇಲಿದೆ. ಒಟ್ಟು 1.6 ಮೀಟರ್ ಆಳ ಬೇಕಾಯಿತು. ಇಳಿಜಾರು ಪ್ರತಿ 8 ಮೀಟರಿಗೆ 1 ಮೀಟರ್ ಇಳಿಯುವಂಥದ್ದಾದರೆ, ಟ್ರೇಲರ್ ನೀರಿನ ಅಂಚಿನಿಂದ ಸುಮಾರು 13 ಮೀಟರ್ ಒಳಕ್ಕೆ ಹೋಗಬೇಕು! ಕಾರು ಅಷ್ಟು ದೂರ ಹೋದರೆ ಮನೆಗೆ ನಡೆದೇ ಬರಬೇಕಾದೀತು. ಆದ್ದರಿಂದ ಟ್ರೇಲರ್‌ನ ಚಕ್ರಗಳಿಗೆ ಕಟ್ಟೆ ಕೊಟ್ಟು, ಕಾರಿನಿಂದ ಬಿಡಿಸಿ, ನಡುವೆ ಉದ್ದನೆಯ ಕಬ್ಬಿಣದ ತೊಲೆಯನ್ನೋ ಬಲವಾದ ಪಟ್ಟಿಯನ್ನೋ ಜೋಡಿಸಿ, ನಿಧಾನವಾಗಿ ಒಳಕ್ಕೆ ಬಿಡುತ್ತಾರೆ. ಆ ಹೊತ್ತಿನಲ್ಲಿ ಟ್ರೇಲರ್‌ನ ಹಿಂದೆ ಯಾರೂ ನಿಲ್ಲಕೂಡದು.

ಇಳಿಸುವ ಮುನ್ನ ಇನ್ನೂ ಕೆಲವು ಕೆಲಸಗಳುಂಟು. ಕೂವೆಮರ ಎತ್ತುವ ಮೊದಲು ತಲೆಯೆತ್ತಿ ನೋಡಿ. ಅಲ್ಯೂಮಿನಿಯಂ ಕಂಬ ವಿದ್ಯುತ್ ತಂತಿಗೆ ತಗುಲಿದರೆ ಉಳಿಗಾಲವಿಲ್ಲ. ದೋಣಿ ನಿಂತಲ್ಲಿ ಮಾತ್ರವಲ್ಲ, ಅಲ್ಲಿಂದ ನೀರಿನವರೆಗಿನ ದಾರಿಯುದ್ದಕ್ಕೂ ತಂತಿ ಇರಬಾರದು. ತಳದ ಬಿರಡೆ ಹಾಕಿದೆಯೇ ನೋಡಿ. ಮೂತಿಗೆ ಕಟ್ಟಿದ ಹಗ್ಗ ಒಬ್ಬರ ಕೈಯಲ್ಲಿರಲಿ. ದೂರದಿಂದ ಎಳೆದು ತಂದಿದ್ದರೆ ಚಕ್ರದ ಗುಂಬ ಬಿಸಿಯಾಗಿರುತ್ತದೆ, ಅದು ತಣಿಯುವವರೆಗೆ ಕಾಯಿರಿ. ಬಿಸಿ ಬೇರಿಂಗ್ ತಣ್ಣೀರಿಗೆ ಬಿದ್ದರೆ ಉಪ್ಪುನೀರನ್ನು ಒಳಕ್ಕೆ ಹೀರಿಕೊಳ್ಳುತ್ತದೆ.

ಇಷ್ಟಾದರೆ ದೋಣಿ ತೇಲಿತು, ಚಪ್ಪಾಳೆ ಬಿತ್ತು. ಕಷ್ಟ ಇರುವುದು ಸಂಜೆಗೆ.

ಸಂಜೆ ನೀವು ದಣಿದಿರುತ್ತೀರಿ, ಬೆಳಕು ಇಳಿಯುತ್ತಿರುತ್ತದೆ. ಟ್ರೇಲರ್ ಪೂರ್ತಿ ಕಂದು ನೀರಿನೊಳಗೆ ಮುಳುಗಿದೆ. ಕಣ್ಣಿಗೆ ಕಾಣದ ಆ ತೊಟ್ಟಿಲಿನ ನಡುವಿಗೆ ಕಣ್ಣಿಗೆ ಕಾಣದ ಕೀಲನ್ನು ತಂದು ಕೂರಿಸಬೇಕು. ಅಡ್ಡಗಾಳಿ ಒಂದು ಕಡೆ ತಳ್ಳಿದರೆ ಹಿನ್ನೀರಿನ ಸೆಳೆತ ಇನ್ನೊಂದು ಕಡೆ ಎಳೆಯುತ್ತದೆ, ಅದರ ಜೊತೆ ಅಂತರಗಂಗೆಯ ಹಾಸು ತೇಲಿಬರುತ್ತದೆ. ಕೀಲ್ ತನ್ನ ಜಾಗದಲ್ಲಿ ಕೂರದೆ ಎಳೆದರೆ ದೋಣಿ ಅರ್ಧದಲ್ಲಿ ಪಕ್ಕಕ್ಕೆ ವಾಲುತ್ತದೆ. ಟನ್ನುಗಟ್ಟಲೆ ಭಾರವನ್ನು ಆಗ ಕೈಕೊಟ್ಟು ತಡೆಯಲಾಗದು. ಆದ್ದರಿಂದಲೇ ಟ್ರೇಲರ್‌ನ ಹಿಂದಿನ ಎರಡು ಮೂಲೆಗಳಲ್ಲಿ ನೀರಿನ ಮೇಲೆ ಕಾಣುವಂತೆ ಉದ್ದ ಕಂಬಗಳನ್ನು ನಿಲ್ಲಿಸುತ್ತಾರೆ. ಎರಡೂ ಪಕ್ಕದಿಂದ ಹಗ್ಗ ಹಿಡಿದು, ಸರಿಯಾಗಿ ಕೂತಿತೆಂದು ಖಚಿತವಾದ ಮೇಲೆ, ಆಮೆಯ ವೇಗದಲ್ಲಿ ಮೇಲೆಳೆಯುತ್ತಾರೆ. ಕೊನೆಗೆ ಚಕ್ರಕ್ಕೂ ಬ್ರೇಕಿಗೂ ಸಿಹಿನೀರಿನ ಸ್ನಾನ.

ಉಬ್ಬರ ಇಳಿತವನ್ನೂ ಮರೆಯಬೇಡಿ. ಕೊಚ್ಚಿಯಲ್ಲಿ ಇದರ ಅಂತರ ಹೆಚ್ಚೆಂದರೆ ಸುಮಾರು 1 ಮೀಟರ್. ಅಷ್ಟೇನಾ ಎನ್ನಬೇಡಿ. ನಮ್ಮ ಲೆಕ್ಕದ ಇಳಿಜಾರಿನಲ್ಲಿ ನೀರು ಅರ್ಧ ಮೀಟರ್ ಇಳಿದರೂ ದಡ 4 ಮೀಟರ್ ಹಿಂದೆ ಸರಿಯುತ್ತದೆ, ಬೆಳಿಗ್ಗೆ ಸಾಕಾದ ಇಳಿಜಾರು ಸಂಜೆ ಸಾಲದಾಗುತ್ತದೆ. ನೀರು ಏರುತ್ತಿರುವಾಗ ಸಿಕ್ಕಿಕೊಂಡ ದೋಣಿ ತಾನೇ ತೇಲುತ್ತದೆ. ಇಳಿಯುತ್ತಿರುವಾಗ ಸಿಕ್ಕಿಕೊಂಡರೆ ಗಂಟೆಗಟ್ಟಲೆ ಕಾಯಬೇಕು. ಅನುಭವಿಗಳು ಮೇಲೆತ್ತುವ ಹೊತ್ತನ್ನು ಮೊದಲು ಗೊತ್ತುಮಾಡಿ, ಅಲ್ಲಿಂದ ಹಿಂದಕ್ಕೆ ಎಣಿಸಿ, ಇಳಿಸುವ ಹೊತ್ತನ್ನು ಆರಿಸುವುದು ಇದಕ್ಕಾಗಿಯೇ.

ಈಗ ಈ ನಿಯಮವನ್ನು ತಿಳಿದೂ ತಿಳಿದೂ ಬದಿಗಿಟ್ಟವರ ಕಥೆ ಹೇಳುತ್ತೇನೆ, ಕೇಳಿ.

ತಿರುವನಂತಪುರದ ಪೂಂತುರ, ವಿಳಿಞ್ಞಂ ಕಡೆಯ ಮೀನುಗಾರರ ದೋಣಿಗಳಿಗೆ ಆಳದ ಕೀಲ್ ಇಲ್ಲ. ಅಲೆ ಒಡೆಯುವ ಮರಳಿನ ದಡದಿಂದಲೇ ಇಳಿದು ಅಲ್ಲಿಗೇ ಏರಬೇಕಾದ ದೋಣಿಗಳವು. ನಿಮ್ಮ ಅಜ್ಜನ ಊರು ಮಲ್ಪೆಯೋ ಗಂಗೊಳ್ಳಿಯೋ ಆಗಿದ್ದರೆ, ಹತ್ತಾರು ಜನ ಹೆಗಲು ಕೊಟ್ಟು 'ಐಲೇಸಾ' ಎಂದು ಎಳೆಯುವುದನ್ನು ಅಲ್ಲೂ ನೋಡಿರುತ್ತೀರಿ. ಆ ಕೂಗು ಕನ್ನಡಕ್ಕೂ ಸೈ, ಮಲಯಾಳಕ್ಕೂ ಸೈ. 2017ರ ನವೆಂಬರ್ 30ರಂದು ಓಖಿ ಚಂಡಮಾರುತ ಈ ಕರಾವಳಿಯನ್ನು ಹೊಡೆಯಿತು. ಹೋದ ಎಷ್ಟೋ ದೋಣಿಗಳು ಹಿಂದಿರುಗಲಿಲ್ಲ. ಮರಳ ಮೇಲೆ ದಿನಗಟ್ಟಲೆ ಕಾದು ನಿಂತ ಮನೆಗಳಿದ್ದವು.

ಅದಾಗಿ ಒಂಬತ್ತು ತಿಂಗಳು ತುಂಬಿರಲಿಲ್ಲ, 2018ರ ಆಗಸ್ಟಿನ ಮಹಾಪ್ರವಾಹ ಬಂತು. ಇದೇ ತೀರದವರು, ಕೊಲ್ಲಂನವರು, ಇತರ ಕಡಲೂರಿನವರು ತಮ್ಮ ದೋಣಿಗಳನ್ನು ಲಾರಿಗಳಿಗೆ ಹೇರಿಕೊಂಡು ಒಳನಾಡಿನ ಚೆಂಗನ್ನೂರು, ಆಲುವ, ಪರವೂರುಗಳತ್ತ ಹೊರಟರು. ಅಲ್ಲಿ ಕಟ್ಟಿದ ಇಳಿಜಾರು ಇರಲಿಲ್ಲ, ಕ್ರೇನ್ ಇರಲಿಲ್ಲ. ರಸ್ತೆ ಎಲ್ಲಿ ನೀರಿನೊಳಗೆ ಹೋಗುತ್ತದೋ ಅದೇ ಇಳಿಜಾರು, ನಿಂತವರ ಹೆಗಲೇ ಕ್ರೇನ್. ನೀರಿನಡಿಯಲ್ಲಿ ಕಾಂಪೌಂಡ್ ಗೋಡೆ, ಗೇಟು, ಕಲ್ಲುಕಂಬ; ತಳ ಕೆರೆಯಿತು, ಎಂಜಿನ್ನಿನ ಪ್ರೊಪೆಲ್ಲರ್ ಮುರಿಯಿತು. ಹೊಟ್ಟೆಪಾಡಿನ ಏಕೈಕ ಆಸ್ತಿ ಹಾಳಾಗಬಹುದೆಂದು ಗೊತ್ತಿದ್ದೂ ಇಳಿಸಿದರು. 600ಕ್ಕೂ ಹೆಚ್ಚು ದೋಣಿಗಳಲ್ಲಿ ಅವರು ಕಾಪಾಡಿದವರು ಸುಮಾರು 65,000 ಮಂದಿ ಎಂದು ಸರ್ಕಾರದ ಲೆಕ್ಕ. ದಿನಕ್ಕೆ ದೋಣಿಯೊಂದಕ್ಕೆ 3,000 ರೂಪಾಯಿ ಕೊಡುವುದಾಗಿ ಸರ್ಕಾರ ಹೇಳಿದಾಗ, ಅವರಲ್ಲಿ ಕೆಲವರು ಜೀವ ಉಳಿಸಿದ್ದಕ್ಕೆ ಕೂಲಿ ಬೇಡ ಎಂದರು.

ಯೋಚಿಸಿ ನೋಡಿ. ನಮ್ಮ ವಿಹಾರದ ದೋಣಿಗೆ ಮೇಲೆತ್ತುವ ಲೆಕ್ಕ ಮೊದಲು. ಅದರಲ್ಲಿ ರಾಜಿಯೇ ಇರಬಾರದು. ನಾವು ಸಿಕ್ಕಿಕೊಂಡರೆ ಬಿಡಿಸಲು ಬರುವವರೂ ಆ ದಡದ ಜನರೇ ತಾನೇ? ತಮಾಷೆಗಾಗಿ ಹೊರಟು ಅವರನ್ನು ಅಪಾಯಕ್ಕೆ ಎಳೆಯುವ ಹಕ್ಕು ನಮಗಿಲ್ಲ. ಅವರು ಲೆಕ್ಕ ಬದಿಗಿಟ್ಟಿದ್ದು ಇನ್ನೊಬ್ಬರ ಪ್ರಾಣಕ್ಕಾಗಿ. ಹಾಗೆ ಬದಿಗಿಡಲು ಆ ಲೆಕ್ಕವನ್ನು ದಿನನಿತ್ಯ ಮಾಡಿ ಪಳಗಿರಬೇಕು.

ಮುಂದಿನ ಸಲ ದಡಕ್ಕೆ ಹೋದಾಗ ದೋಣಿ ಮೇಲೆಳೆಯುತ್ತಿದ್ದರೆ ಸುಮ್ಮನೆ ಫೋಟೋ ತೆಗೆಯುತ್ತಾ ನಿಲ್ಲಬೇಡಿ. ಎಲ್ಲಿ ಹಿಡಿಯಬೇಕು ಎಂದು ಮಲಯಾಳದಲ್ಲೇ ಕೇಳಿ, ಒಂದು ಕೈ ಕೊಡಿ. ನೀರು ಯಾವಾಗ ಏರುತ್ತದೆ, ಸೆಳೆತ ಯಾವ ಕಡೆಗೆ ಎಂದೂ ಕೇಳಿಕೊಳ್ಳಿ. ಅವರು ಹೇಳಿದ್ದನ್ನು ನಮಗೂ ಬರೆದು ಕಳಿಸಿ, ಕನ್ನಡದಲ್ಲಿ! ಕಾಗುಣಿತ ತಪ್ಪಿದರೂ ಚಿಂತೆಯಿಲ್ಲ, ತಿದ್ದಿ ಹಾಕೋಣ.