ದಾಯಾದಿ ಕದನದಲ್ಲಿ ರಾಜಮಾತೆಯರು

ಮೀರಜದಿಂದ ಬೆಳಗಾವಿಯತ್ತ ಹೊರಟ ರೈಲು ಶೇಡಬಾಳ, ಉಗಾರಗಳನ್ನು ದಾಟಿ ಕುಡಚಿಯನ್ನು ಮುಟ್ಟುವ ಮುನ್ನ ಕೃಷ್ಣೆಯ ಸೇತುವೆಯ ಮೇಲೆ ಹಾಯ್ದು ಬರುತ್ತದೆ. ಹೊಳೆಯ ಆಚೆಗೆ ಕಾಗವಾಡ, ಅಥಣಿಯ ಸೀಮೆ. ಈಚೆಗೆ ರಾಯಬಾಗ, ಚಿಕ್ಕೋಡಿ, ನಿಪ್ಪಾಣಿಯ ಸೀಮೆ. ಹೆಣ್ಣು ಕೊಟ್ಟು ಹೆಣ್ಣು ತಂದು ಈ ಎರಡು ದಂಡೆಗಳೂ ಬೀಗರಾಗಿ ಎಷ್ಟೋ ತಲೆಮಾರುಗಳು ಸಂದಿವೆ. ಆದರೆ 1731ರಲ್ಲಿ ಇದೇ ಹೊಳೆ ಎರಡು ರಾಜ್ಯಗಳ ಗಡಿಯಾಗಿತ್ತು. ಆ ಗಡಿಯನ್ನು ಹಾಕಿದ್ದು ಪರಕೀಯರ ದಾಳಿಯಲ್ಲ, ಒಂದೇ ಮನೆತನದ ದಾಯಾದಿ ಕದನ. ಆ ಕದನದ ನಡುಮನೆಯಲ್ಲಿ ನಿಂತವರು ಹೆಂಗಸರು.

ಕಿತ್ತೂರ ಚೆನ್ನಮ್ಮನ ಕಥೆಯನ್ನು ನಮ್ಮ ಮಕ್ಕಳು ತೊಟ್ಟಿಲಲ್ಲಿರುವಾಗಲೇ ಕೇಳಿ ಬೆಳೆಯುತ್ತಾರೆ; ಅದು ಯೋಗ್ಯವೂ ಹೌದು. ಹೊರಗಿನ ಶತ್ರುವಿನ ಎದುರು ಖಡ್ಗ ಹಿಡಿದ ಹೆಣ್ಣನ್ನು ನಾಡು ತಲೆಯ ಮೇಲೆ ಹೊತ್ತುಕೊಳ್ಳುತ್ತದೆ. ಅದೇ ಹೆಣ್ಣು ಮನೆಯೊಳಗಿನ ಯುದ್ಧದಲ್ಲಿ ಪಾಲ್ಗೊಂಡರೆ? ಆಕೆಗೆ ದೊರೆಯುವ ಹೆಸರೇ ಬೇರೆ. ಕೊಲ್ಲಾಪುರದ ತಾರಾಬಾಯಿಯ ಪಾಲಿಗೆ ಈ ಎರಡೂ ಹೆಸರುಗಳು ಬಂದವು. ಒಬ್ಬಳೇ ಹೆಣ್ಣು, ಒಂದೇ ಸಾಮರ್ಥ್ಯ.

ಸೇನಾಪತಿ ಹಂಬೀರರಾವ ಮೋಹಿತೆಯ ಮಗಳಾದ ಈಕೆ ಶಿವಾಜಿ ಮಹಾರಾಜರ ಕಿರಿಯ ಮಗ ರಾಜಾರಾಮನ ಹೆಂಡತಿ. 1700ರಲ್ಲಿ ಪತಿ ತೀರಿದಾಗ ಆಕೆಗೆ ಇಪ್ಪತ್ತೈದರ ಪ್ರಾಯ. ಎಳೆಯ ಮಗನನ್ನು ಪಟ್ಟಕ್ಕೆ ಕೂಡಿಸಿ, ಔರಂಗಜೇಬನಂಥ ಬಾದಶಹನ ಎದುರು ಏಳು ವರ್ಷ ಯುದ್ಧದ ಸೂತ್ರವನ್ನು ತಾನೇ ಹಿಡಿದಳು. ಇಲ್ಲಿಯವರೆಗೆ ಎಲ್ಲ ಇತಿಹಾಸಕಾರರೂ ಆಕೆಯನ್ನು ಹೊಗಳುವವರೇ.

1707ರಲ್ಲಿ ಬಾದಶಹ ತೀರಿದ. ಮೊಗಲರ ಸೆರೆಯಲ್ಲಿ ಬೆಳೆದಿದ್ದ ಶಾಹೂ, ಸಂಭಾಜಿ ಮಹಾರಾಜರ ಮಗ, ಬಿಡುಗಡೆಯಾಗಿ ಬಂದು ತನ್ನ ಹಕ್ಕನ್ನು ಕೇಳಿದ. ಮಗನನ್ನು ಬಿಟ್ಟ ಮೊಗಲರು ತಾಯಿ ಯೇಸುಬಾಯಿಯನ್ನು ಒತ್ತೆಯಾಗಿ ಇರಿಸಿಕೊಂಡರು. ಆಕೆ ನಾಡಿಗೆ ಮರಳಿದ್ದು 1719ರಲ್ಲಿ. ಮಗ ಪಟ್ಟಕ್ಕೇರಿ ಹನ್ನೊಂದು ವರ್ಷಗಳಾದರೂ ರಾಜಮಾತೆ ಪರರ ಸೆರೆಯಲ್ಲಿದ್ದಳೆಂಬ ಈ ಸಂಗತಿಯನ್ನು ಪಠ್ಯಪುಸ್ತಕಗಳು ಒಂದು ಸಾಲಿನಲ್ಲಿ ದಾಟಿ ಹೋಗುತ್ತವೆ.

ಬಂದವನು ನಿಜವಾದ ಶಾಹೂ ಅಲ್ಲವೆಂದು ತಾರಾಬಾಯಿ ಸಾರಿದಳು. ತನ್ನ ಸರದಾರರು ತನಗೆ ದ್ರೋಹ ಬಗೆಯದಿರಲೆಂದು ಹಾಲನ್ನದ ಮೇಲೆ ಅವರಿಂದ ಆಣೆ ಮಾಡಿಸಿದಳು. ಅನ್ನದ ಆಣೆಯ ತೂಕವನ್ನು ನಮ್ಮ ತಾಯಂದಿರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಆದರೂ ಅದೇ ವರ್ಷದ ಅಕ್ಟೋಬರದಲ್ಲಿ ಖೇಡದ ರಣರಂಗದಲ್ಲಿ ಸೇನಾಪತಿ ಧನಾಜಿ ಜಾಧವ ಶಾಹೂವಿನ ಪಕ್ಷಕ್ಕೆ ಹೋದ. ಶಾಹೂ ಸಾತಾರೆಯಲ್ಲಿ ಪಟ್ಟವೇರಿದ. ತಾರಾಬಾಯಿ ಪನ್ಹಾಳಾ ಕೋಟೆಯನ್ನು ಆಶ್ರಯಿಸಿ ಬೇರೆ ಗಾದಿಯನ್ನು ಕಟ್ಟಿದಳು. ಕೊಲ್ಲಾಪುರ ಸಂಸ್ಥಾನದ ಹುಟ್ಟು ಇದು.

ಸೋಲಿಗಿಂತ ದೊಡ್ಡ ಪೆಟ್ಟು ಒಳಗಿನಿಂದಲೇ ಬಂದಿತು. 1714ರಲ್ಲಿ ಸವತಿ ರಾಜಸಬಾಯಿ ತನ್ನ ಮಗ ಸಂಭಾಜಿಯನ್ನು ಗಾದಿಗೆ ಕೂಡಿಸಿ, ತಾರಾಬಾಯಿಯನ್ನೂ ಆಕೆಯ ಮಗನನ್ನೂ ಸೆರೆಯಲ್ಲಿಟ್ಟಳು. ಮಗ ಸೆರೆಯಲ್ಲಿಯೇ ತೀರಿದ. ಇದನ್ನು "ಸವತಿ ಮತ್ಸರ" ಎಂದು ಕರೆದು ಕೈತೊಳೆದುಕೊಳ್ಳುವವರೇ ಹೆಚ್ಚು. ಗಂಡಸು ತನ್ನ ಅಣ್ಣನ ಮಗನನ್ನು ಸೆರೆಗೆ ನೂಕಿದರೆ ಅದು ರಾಜಕಾರಣ, ಹೆಂಗಸು ಸವತಿಯ ಮಗನನ್ನು ನೂಕಿದರೆ ಮತ್ಸರ! ಎರಡೂ ಗಾದಿಯ ಲೆಕ್ಕಾಚಾರವೇ ಎಂಬುದು ನನ್ನ ಅಭಿಪ್ರಾಯ.

ಇನ್ನು ನಮ್ಮ ಸೀಮೆಗೆ ಬರೋಣ. 1730ರ ಸುಮಾರಿಗೆ ಉದಾಜಿ ಚವ್ಹಾಣನ ಮಾತು ಕೇಳಿ ಕೊಲ್ಲಾಪುರದ ಸಂಭಾಜಿಯು ವಾರಣಾ ಹೊಳೆಯನ್ನು ದಾಟಿ, ಶಾಹೂವಿನ ಮುಲುಕನ್ನು ಸುಲಿಯಲು ಬಿಡಾರ ಹೂಡಿದ. ಶಾಹೂವಿನ ಪ್ರತಿನಿಧಿ ಶ್ರೀಪತರಾವ ಮೇಲೆರಗಿ ಆ ಬಿಡಾರವನ್ನು ಹಿಡಿದಾಗ ರಾಜಪರಿವಾರದ ಹೆಂಗಸರೂ ಕೈಸೆರೆಯಾದರು. ಅವರಲ್ಲಿ ತಾರಾಬಾಯಿಯೂ ಇದ್ದಳು. ಮುಂದೆ ಆಕೆ ಕೊಲ್ಲಾಪುರಕ್ಕೆ ಮರಳದೆ ಸಾತಾರೆಯಲ್ಲಿಯೇ ಉಳಿದಳು. ಸವತಿಯ ಮಗನ ಸೆರೆಗಿಂತ ಹಳೆಯ ವೈರಿಯ ಆಶ್ರಯವೇ ಲೇಸೆಂದು ಆಕೆಗೆ ತೋರಿರಬೇಕು.

ಮರುವರ್ಷ ವಾರಣಾ ಒಪ್ಪಂದವಾಯಿತು. ವಾರಣಾ ಮತ್ತು ಕೃಷ್ಣೆಗಳ ದಕ್ಷಿಣದ ನಾಡು ತುಂಗಭದ್ರೆಯವರೆಗೆ ಕೊಲ್ಲಾಪುರಕ್ಕೆ ಸೇರಿತು. ಉತ್ತರ ದಂಡೆಯ ಮೀರಜ, ತಾಸಗಾಂವ ಹಾಗೂ ಅಥಣಿಯ ಠಾಣೆಗಳು ಶಾಹೂವಿಗೆ ಹೋದವು. ಹೀಗೆ ಚಿಕ್ಕೋಡಿ ಒಂದು ಗಾದಿಗೆ, ಅಥಣಿ ಇನ್ನೊಂದು ಗಾದಿಗೆ ಆಯಿತು. ಅಂದಿನ ದಂಡುಗಳು ಹಾದಿಯ ಹಳ್ಳಿಗಳ ಮೇಲೆಯೇ ಬದುಕುತ್ತಿದ್ದವು. ಹಗೇವಿನ ಕಾಳು, ಬಣವೆಯ ಕಣಿಕೆ, ಹಿತ್ತಲಿನ ದನ ಯಾವ ಪಕ್ಷದ ದಂಡು ಬಂದರೂ ಹೋಗುವಂಥವೇ. ದಂಡು ಮುಂದೆ ಹೋದ ಮೇಲೆ ಉಳಿದ ಹಿಡಿ ಜೋಳವನ್ನು ಬೀಸಿ ಮನೆಮಂದಿಗೆ ಹಂಚಿದ ಕೈಗಳು ಯಾರವೆಂದು ಊಹಿಸುವುದು ಕಷ್ಟವಲ್ಲ. ಬಖರುಗಳಲ್ಲಿ ಆ ತಾಯಂದಿರ ಹೆಸರಿಲ್ಲ.

ತಾರಾಬಾಯಿಯ ಕಥೆ ಇಷ್ಟಕ್ಕೇ ಮುಗಿಯಲಿಲ್ಲ. ಶಾಹೂವಿಗೆ ಗಂಡುಸಂತಾನವಿರಲಿಲ್ಲ. ಆಕೆ ಎಪ್ಪತ್ತು ದಾಟಿದ ಮೇಲೆ, ತನ್ನ ಮೊಮ್ಮಗನೊಬ್ಬನು ಗುಪ್ತವಾಗಿ ಬೆಳೆದಿದ್ದಾನೆಂದು ಹೇಳಿ ರಾಮರಾಜಾನನ್ನು ಮುಂದೆ ತಂದಳು. ನಾಗಪುರದ ರಘೂಜಿ ಭೋಸಲೆ ನಂಬಲಿಲ್ಲ: ಕುಲಬಾಂಧವರ ಎದುರು ಅವನೊಂದಿಗೆ ಕುಳಿತು ಉಂಡು, ಆ ಅನ್ನದ ಮೇಲೆ ಆಣೆ ಇಡಲಿ ಎಂದ. ಆಕೆ ಹಾಗೆಯೇ ಮಾಡಿದಳು. 1750ರ ಆರಂಭದಲ್ಲಿ ರಾಮರಾಜಾನಿಗೆ ಪಟ್ಟವಾಯಿತು. ಅವನು ಪೇಶ್ವೆಯ ಕೈಗೊಂಬೆಯಾಗಿ ತನ್ನ ಮಾತು ಕೇಳದಿದ್ದಾಗ ಅದೇ ವರ್ಷ ಅವನನ್ನು ಸಾತಾರೆಯ ಕೋಟೆಯಲ್ಲಿ ಸೆರೆಯಿಟ್ಟಳು. 1752ರಲ್ಲಿ ಜೇಜೂರಿಯ ಖಂಡೋಬನ ಸನ್ನಿಧಿಯಲ್ಲಿ, ಇವನು ತನ್ನ ಮೊಮ್ಮಗನಲ್ಲವೆಂದು ಮತ್ತೊಂದು ಆಣೆ! ಎರಡರಲ್ಲಿ ಒಂದು ಸುಳ್ಳೆಂಬುದು ಸ್ಪಷ್ಟ. ಇದನ್ನು ನಾನು ಸಮರ್ಥಿಸಲಾರೆ. ಅಧಿಕಾರವೊಂದನ್ನೇ ನೆಚ್ಚಿ ಐವತ್ತು ವರ್ಷ ಕಳೆದ ಜೀವಕ್ಕೆ ಅನ್ನವೂ ಆಯುಧವಾಯಿತೆಂಬುದು ಮಾತ್ರ ಮನಸ್ಸನ್ನು ಕಲಕುತ್ತದೆ.

ಅತ್ತ ಗುಜರಾತದ ವಿಷಯದಲ್ಲಿ ದಾಭಾಡೆ ಮನೆತನಕ್ಕೂ ಪೇಶ್ವೆಗೂ ವೈರ ಬೆಳೆದು 1731ರಲ್ಲಿ ದಭೋಯಿಯಲ್ಲಿ ಕಾಳಗವಾಯಿತು. ಮಗ ತ್ರ್ಯಂಬಕರಾವನನ್ನು ಅಲ್ಲಿ ಕಳೆದುಕೊಂಡ ಉಮಾಬಾಯಿ ದಾಭಾಡೆ ಮನೆತನದ ಸೇನಾಪತಿತ್ವದ ಭಾರವನ್ನು ತಾನೇ ಹೊತ್ತಳು. ಮುಂದೆ ತಾರಾಬಾಯಿ ಪೇಶ್ವೆಯ ವಿರುದ್ಧ ನಿಂತಾಗ ಆಕೆಗೆ ಬೆಂಬಲವಾದವಳು ಈಕೆಯೇ.

ಕೊಲ್ಲಾಪುರದ ಜೀಜಾಬಾಯಿಯನ್ನು ಮಾತ್ರ ನಮ್ಮ ಸೀಮೆಯವರು ವಿಶೇಷವಾಗಿ ನೆನೆಯಬೇಕು. 1760ರಲ್ಲಿ ಪತಿ ಸಂಭಾಜಿ ಮಕ್ಕಳಿಲ್ಲದೆ ತೀರಿದಾಗ ಸಂಸ್ಥಾನವನ್ನು ನುಂಗಲು ಪೇಶ್ವೆಯರು ಹವಣಿಸಿದರು. ಈಕೆ ಮಣಿಯಲಿಲ್ಲ, 1762ರಲ್ಲಿ ದತ್ತಕ ತೆಗೆದುಕೊಂಡು 1773ರಲ್ಲಿ ತೀರಿಕೊಳ್ಳುವವರೆಗೂ ಆಡಳಿತ ನಡೆಸಿದಳು. ಕಿತ್ತೂರಿನ ದತ್ತಕದ ವ್ಯಾಜ್ಯಕ್ಕಿಂತ ಅರವತ್ತು ವರ್ಷ ಮೊದಲಿನ ಮಾತಿದು. ಇಂಥವಳ ಮೇಲೆ ನಂತರದ ಇಂಗ್ಲಿಷ್ ಅಧಿಕಾರಿಗಳ ಬರಹಗಳು ನರಬಲಿಯ ಆರೋಪವನ್ನು ಹೊರಿಸಿದವು. ಆಕೆ ಉಳಿಸಿದ ಸಂಸ್ಥಾನದ ಮಾತಿಗಿಂತ ಆ ಆರೋಪವೇ ಹೆಚ್ಚು ಓಡಾಡಿತು.

ಆಕೆಯ ತರುವಾಯ ಚಿಕ್ಕೋಡಿ ಮತ್ತು ಮುನವಳ್ಳಿಗಳು ಕೈಯಿಂದ ಕೈಗೆ ಬದಲಾದವು. ಪೇಶ್ವೆಯರ ಪತನಾನಂತರ ಕಂಪನಿ ಸರಕಾರವು ಅವನ್ನು ಕೊಲ್ಲಾಪುರಕ್ಕೆ ಕೊಟ್ಟು 1827ರ ಒಪ್ಪಂದದಿಂದ ಮರಳಿ ಪಡೆಯಿತು. ರಾಯಬಾಗ ಮಾತ್ರ 1949ರಲ್ಲಿ ಸಂಸ್ಥಾನ ವಿಲೀನವಾಗುವವರೆಗೆ ಕೊಲ್ಲಾಪುರದ್ದೇ ಆಗಿತ್ತು.

ತಾರಾಬಾಯಿ ತೀರಿದ್ದು 1761ರ ಡಿಸೆಂಬರದಲ್ಲಿ, ತನ್ನ ಎಂಬತ್ತಾರನೆಯ ವಯಸ್ಸಿನಲ್ಲಿ. ಪಾಣಿಪತ್ತದ ಸೋಲನ್ನೂ, ಅದರ ಕೊರಗಿನಲ್ಲಿ ಪೇಶ್ವೆ ಬಾಳಾಜಿ ಬಾಜೀರಾವ ತೀರಿದ್ದನ್ನೂ ಆಕೆ ಸಾತಾರೆಯಲ್ಲಿದ್ದುಕೊಂಡೇ ಕೇಳಿದಳು. ಆಕೆಯ ಸಮಾಧಿ ಅಲ್ಲಿಯೇ ಸಮೀಪದ ಮಾಹುಲಿಯಲ್ಲಿ, ಕೃಷ್ಣೆಯ ದಂಡೆಯಲ್ಲಿದೆ.