ಟರ್ಬೊ ಹಾಕುವ ಮೊದಲು ಬಿಸಿಯ ಲೆಕ್ಕ ಕೇಳಿ

ಘಾಟಿ ಏರುವ ಲಾರಿಯ ಸದ್ದನ್ನು ಗಮನವಿಟ್ಟು ಕೇಳಿ. ಎಂಜಿನ್ನಿನ ಗುಡುಗಿನ ಜೊತೆಗೆ ಸಿಳ್ಳೆಯಂಥ ಇನ್ನೊಂದು ಸದ್ದೂ ಇರುತ್ತದೆ. ಅದು ಟರ್ಬೊಚಾರ್ಜರ್‌ನದು. ಲಾರಿಯ ಎಂಜಿನ್ನನ್ನು ಕಟ್ಟುವಾಗಲೇ ಅದಕ್ಕೆ ತಯಾರಿ ಮಾಡಿರುತ್ತಾರೆ. ಆದರೆ ಅಮೆರಿಕ, ಯುರೋಪಿನ ಹವ್ಯಾಸಿಗಳು ಫೋಕ್ಸ್‌ವ್ಯಾಗನ್ ಬೀಟಲ್‌ನಂಥ ಹಳೆಯ ಚಿಕ್ಕ ಕಾರಿಗೂ ಇದನ್ನು ಕೂರಿಸುತ್ತಾರೆ. ಅಂಥ ವಿಡಿಯೊ ನೋಡಿದ ಮಕ್ಕಳು ಮೊದಲು ಕೇಳುವುದು, "ಸರ್, ಪವರ್ ಎಷ್ಟು ಜಾಸ್ತಿ ಆಗುತ್ತೆ?" ಅಂತ. ನನ್ನ ಪ್ರಕಾರ ಅದು ಎರಡನೇ ಪ್ರಶ್ನೆ. ಮೊದಲು ಕೇಳಬೇಕಾದ್ದು, "ಹೆಚ್ಚಾದ ಬಿಸಿ ಎಲ್ಲಿಗೆ ಹೋಗುತ್ತೆ?" ಇದಕ್ಕೆ ಉತ್ತರ ಸಿಗದಿದ್ದರೆ ಹಳೆಯ ಎಂಜಿನ್ನಿಗೆ ಟರ್ಬೊ ಹಾಕಬಾರದು.

ಟರ್ಬೊ ಜಾಣತನದ ಉಪಕರಣ, ಅದರಲ್ಲಿ ಅನುಮಾನವಿಲ್ಲ. ಪೆಟ್ರೋಲ್ ಸುಟ್ಟು ಬರುವ ಶಕ್ತಿಯಲ್ಲಿ ಚಲನೆಗೆ ಸಿಗುವುದು ಸುಮಾರು ಕಾಲು ಭಾಗ. ಮೂರನೇ ಒಂದರಷ್ಟು ಹೊಗೆಯ ಜೊತೆ ಹೊರಗೆ ಹೋಗಿಬಿಡುತ್ತದೆ. ಆ ಹೊಗೆಯಿಂದ ಒಂದು ಚಕ್ರ ತಿರುಗಿಸಿ, ಅದೇ ದಂಡಕ್ಕೆ ಜೋಡಿಸಿದ ಇನ್ನೊಂದು ಚಕ್ರದಿಂದ ಎಂಜಿನ್ನಿಗೆ ಗಾಳಿ ತುರುಕಿದರೆ ಹೇಗೆ? ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಆಲ್ಫ್ರೆಡ್ ಬ್ಯೂಖಿ ಇದಕ್ಕೆ 1905ರಲ್ಲೇ ಪೇಟೆಂಟ್ ಪಡೆದರು. ಗಾಳಿ ಹೆಚ್ಚಾದರೆ ಹೆಚ್ಚು ಪೆಟ್ರೋಲ್ ಸುಡಬಹುದು, ಶಕ್ತಿಯೂ ಹೆಚ್ಚುತ್ತದೆ.

ಹಾಗಾದರೆ ಇದು ಪುಕ್ಕಟೆ ಶಕ್ತಿಯೇ? ಅಲ್ಲ. ಸೈಕಲ್ ಪಂಪ್ ಹೊಡೆದಾಗ ಅದರ ತುದಿ ಬಿಸಿಯಾಗುವುದು ನಿಮಗೆಲ್ಲ ಗೊತ್ತು. ಗಾಳಿಯನ್ನು ಒತ್ತಿದರೆ ಅದು ಕಾಯುತ್ತದೆ. ಹೊರಗಿನ ಗಾಳಿ 27 ಡಿಗ್ರಿ, ಅಂದರೆ 300 ಕೆಲ್ವಿನ್ ಇರಲಿ. ಒತ್ತಡವನ್ನು ಒಂದೂವರೆ ಪಟ್ಟು ಮಾಡಿದರೆ ಆದರ್ಶ ಲೆಕ್ಕದಲ್ಲೇ ಅದು 64 ಡಿಗ್ರಿ, ಅಂದರೆ 337 ಕೆಲ್ವಿನ್ ಮುಟ್ಟುತ್ತದೆ. ನಿಜವಾದ ಟರ್ಬೊದಲ್ಲಿ 80 ಡಿಗ್ರಿ ದಾಟಬಹುದು. ಈಗ ಅನಿಲ ನಿಯಮ ಹಚ್ಚಿ: 1.5 × 300 ÷ 337 = ಸುಮಾರು 1.34. ಒತ್ತಡ ಶೇಕಡಾ 50 ಏರಿದರೂ ಗಾಳಿಯ ಸಾಂದ್ರತೆ ಏರಿದ್ದು ಹೆಚ್ಚುಕಡಿಮೆ ಮೂರನೇ ಒಂದರಷ್ಟೇ. ಮೇಲಾಗಿ, ಸಿಲಿಂಡರಿನೊಳಗೆ ಹೋದದ್ದು ಕಾದ ಗಾಳಿ. ಮಿತಿಮೀರಿದರೆ ಪೆಟ್ರೋಲ್ ಮಿಶ್ರಣ ತಾನಾಗಿಯೇ ಸಿಡಿಯುತ್ತದೆ. ಇದೇ ನಾಕಿಂಗ್. ಅದು ಮುಂದುವರಿದರೆ ಪಿಸ್ಟನ್ ತೂತಾಗುವುದೂ ಉಂಟು.

ಈಗ ಬೀಟಲ್ ಎಂಜಿನ್ ನೋಡೋಣ. 1960ರ ದಶಕದ 1200 ಮಾದರಿಯದು 1192 ಸಿಸಿ, ನಾಲ್ಕು ಸಿಲಿಂಡರ್, 34 ಅಶ್ವಶಕ್ತಿ. ರೇಡಿಯೇಟರ್ ಇಲ್ಲ, ನೀರಿಲ್ಲ. ಸಿಲಿಂಡರ್ ಸುತ್ತ ಫಿನ್‌ಗಳು, ಮೇಲೊಂದು ಫ್ಯಾನ್, ಜೊತೆಗೆ ಎರಡೂವರೆ ಲೀಟರ್ ಎಂಜಿನ್ ಆಯಿಲ್, ಅಷ್ಟೇ. ಫ್ಯಾನ್ ತಿರುಗುವುದು ಎಂಜಿನ್ನಿಗೆ ಕಟ್ಟಿದ ಬೆಲ್ಟಿನಿಂದ. ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತುತ್ತದೆ ಅನ್ನುವುದು ಅದಕ್ಕೆ ಗೊತ್ತು, ಒಳಗೆ ಎಷ್ಟು ಪೆಟ್ರೋಲ್ ಸುಡುತ್ತಿದೆ ಅನ್ನುವುದು ಗೊತ್ತಿಲ್ಲ! ಟರ್ಬೊ ಕೂರಿಸಿದ ಮೇಲೆ ಅದೇ ವೇಗದಲ್ಲಿ ಬಿಸಿ ಹೆಚ್ಚು, ಬೀಸುವ ಗಾಳಿ ಮಾತ್ರ ಮೊದಲಿನಷ್ಟೇ. ಹಳೆಯ ಮಾದರಿಗಳಲ್ಲಿ ಆಯಿಲ್ ಕೂಲರ್ 3ನೇ ಸಿಲಿಂಡರಿಗೆ ಹೋಗುವ ಗಾಳಿಗೆ ಅಡ್ಡ ನಿಂತು, ಅದೊಂದು ಟರ್ಬೊ ಇಲ್ಲದೆಯೇ ಹೆಚ್ಚು ಕಾಯುತ್ತಿತ್ತು. ಟರ್ಬೊದ ಬೇರಿಂಗಿಗೂ ಆ ಎರಡೂವರೆ ಲೀಟರ್ ಆಯಿಲೇ ಹರಿಯಬೇಕು. ಟರ್ಬೊದ ದಂಡ ನಿಮಿಷಕ್ಕೆ ಲಕ್ಷ ಸುತ್ತು ಮೀರುವುದುಂಟು.

ನೀರಿನಿಂದ ತಣಿಯುವ ಎಂಜಿನ್ನಿಗೆ ಇಷ್ಟು ಕಷ್ಟವಿಲ್ಲ. ಯಾಕೆ? ಒಂದು ಲೀಟರ್ ನೀರಿನ ತೂಕ ಒಂದು ಕಿಲೋ, ಒಂದು ಲೀಟರ್ ಗಾಳಿಯದು ಸುಮಾರು 1.2 ಗ್ರಾಂ. ವಿಶಿಷ್ಟ ಉಷ್ಣವೂ ನೀರಿನದೇ ನಾಲ್ಕು ಪಟ್ಟು ಹೆಚ್ಚು. ಎರಡನ್ನೂ ಸೇರಿಸಿ ಲೆಕ್ಕ ಹಾಕಿದರೆ, ಒಂದು ಲೀಟರ್ ನೀರು ಹೊರುವಷ್ಟು ಬಿಸಿಯನ್ನು ಹೊರಲು ಸುಮಾರು 3500 ಲೀಟರ್ ಗಾಳಿ ಬೇಕು.

"ಹಾಗಾದರೆ ಕಂಪನಿಗಳೇ ಮಾಡಿದ್ದವಲ್ಲ ಸರ್?" ಅಂತ ಕೇಳಬಹುದು. ನ್ಯಾಯವಾದ ಪ್ರಶ್ನೆ. 1962ರಲ್ಲಿ ಷೆವ್ರೊಲೆ ಕಂಪನಿ ಗಾಳಿಯಿಂದ ತಣಿಯುವ ಕಾರ್ವೇರ್ ಕಾರಿಗೆ ಟರ್ಬೊ ಹಾಕಿ 150 ಅಶ್ವಶಕ್ತಿ ತೆಗೆಯಿತು. 1975ರ ಪೋರ್ಷೆ 911 ಟರ್ಬೊ 260 ತೆಗೆಯಿತು. ಆದರೆ ಅವರು ಹಳೆಯ ಎಂಜಿನ್ನಿಗೆ ಸುಮ್ಮನೆ ಒಂದು ಡಬ್ಬಿ ಜೋಡಿಸಲಿಲ್ಲ. ಕಾರ್ವೇರ್‌ನಲ್ಲಿ ಸಂಪೀಡನ ಅನುಪಾತವನ್ನು 9ರಿಂದ 8ಕ್ಕೆ ಇಳಿಸಿದರು, ಪೋರ್ಷೆಯಲ್ಲಿ 6.5ಕ್ಕೆ. ಪೋರ್ಷೆಯ ಟರ್ಬೊದಲ್ಲಿ ಒತ್ತಡ ಮಿತಿ ದಾಟಿದರೆ ಹೊಗೆಯನ್ನು ಪಕ್ಕದ ದಾರಿಗೆ ಬಿಡುವ ಕವಾಟವೂ ಇತ್ತು. ಅಂದರೆ ಬಿಸಿಯ ಲೆಕ್ಕ ಮೊದಲು, ಟರ್ಬೊ ಆಮೇಲೆ.

ಬೀಟಲ್‌ನ ಸಂಪೀಡನ ಅನುಪಾತ ಮೊದಲೇ ಕಡಿಮೆ, ಸುಮಾರು 7. ಹಾಗಾಗಿ ಕಡಿಮೆ ಒತ್ತಡದ ಟರ್ಬೊ, ದೊಡ್ಡ ಆಯಿಲ್ ಕೂಲರ್, ಸಿಲಿಂಡರ್ ಹೆಡ್ಡಿಗೆ ಉಷ್ಣತೆಯ ಮಾಪಕ ಇವೆಲ್ಲ ಇಟ್ಟು ಮಾಡಿದರೆ ನನ್ನ ತಕರಾರಿಲ್ಲ. ಬ್ರೇಕನ್ನೂ ಮರೆಯಬಾರದು. ವೇಗ ಶೇಕಡಾ 20 ಹೆಚ್ಚಾದರೆ ಚಲನಶಕ್ತಿ ಶೇಕಡಾ 44 ಹೆಚ್ಚುತ್ತದೆ, ಗಾಡಿ ನಿಲ್ಲುವಾಗ ಅದೂ ಬಿಸಿಯಾಗಿ ಬ್ರೇಕಿಗೇ ಹೋಗಬೇಕು. ಇಷ್ಟಕ್ಕೆಲ್ಲ ತಯಾರಿಲ್ಲದವರು 34 ಅಶ್ವಶಕ್ತಿಯಲ್ಲೇ ಆರಾಮಾಗಿ ಓಡಿಸಲಿ. ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುವ ಮಾತು ಎಂಜಿನ್ನಿಗೂ ಸಲ್ಲುತ್ತದೆ. ಅದರ ಹಾಸಿಗೆ ಅದರ ಫಿನ್‌ಗಳು.

ಬೀಟಲ್ ನಮ್ಮೂರಲ್ಲಿ ಸಿಗಲಿಕ್ಕಿಲ್ಲ, ಆದರೆ ಗಾಳಿಯಿಂದ ತಣಿಯುವ ಬೈಕು ಬೀದಿ ಬೀದಿಯಲ್ಲಿದೆ. ಎಂಜಿನ್ ಪೂರ್ತಿ ತಣಿದ ಮೇಲೆ ಅದರ ಫಿನ್‌ಗಳನ್ನು ಎಣಿಸಿ. ಒಂದೊಂದರ ಉದ್ದ, ಅಗಲ ಅಳೆದು, ಎರಡೂ ಮುಖ ಸೇರಿಸಿ ಒಟ್ಟು ವಿಸ್ತೀರ್ಣ ಲೆಕ್ಕ ಹಾಕಿ. ಫಿನ್ ಇಲ್ಲದ ನುಣುಪು ಸಿಲಿಂಡರಿನದಕ್ಕೆ ಹೋಲಿಸಿ ನೋಡಿ. ಹಾಗೇ ಫಿನ್‌ಗಳ ನಡುವೆ ಮಳೆಗಾಲದ ಕೆಸರು ಒಣಗಿ ಕೂತಿದ್ದರೆ ತೊಳೆದುಬಿಡಿ. ಟರ್ಬೊ ಇಲ್ಲದ ಆ ಎಂಜಿನ್ನಿಗೂ ಬಿಸಿ ಹೊರಹೋಗಲು ಇರುವ ಮುಖ್ಯ ದಾರಿ ಅದೇ.