ತಿಪ್ಪೆಯ ಸಿಪಾಯಿ

ಮಕ್ಕಳೇ, ಕೋಳಿ ತಿಪ್ಪೆಯನ್ನು ಏಕೆ ಕೆದಕುತ್ತದೆ? ಅಜ್ಜಿಯನ್ನು ಕೇಳಿ. ‘ಹುಳ ಹುಡುಕೋಕೆ’ ಎನ್ನುತ್ತಾರೆ. ಕೊಳೆತದ್ದನ್ನು ಹುಳು ತಿನ್ನುತ್ತದೆ, ಹುಳುವನ್ನು ಕೋಳಿ ತಿನ್ನುತ್ತದೆ, ಉಳಿದದ್ದು ಗೊಬ್ಬರವಾಗಿ ಹೊಲ ಸೇರುತ್ತದೆ. ಈ ಹಳೆಯ ಲೆಕ್ಕವೇ ಈಗ ಹಲವು ದೇಶಗಳಲ್ಲಿ ಉದ್ಯಮವಾಗಿದೆ. ಅಲ್ಲಿ ಸಾಕುವುದು ಏನನ್ನು ಗೊತ್ತೇ? ನೊಣವನ್ನು!

ಅದರ ಹೆಸರು ಬ್ಲ್ಯಾಕ್ ಸೋಲ್ಜರ್ ಫ್ಲೈ, ಅಂದರೆ ಕಪ್ಪು ಸೈನಿಕ ನೊಣ. ತವರು ಅಮೆರಿಕ ಖಂಡ. ಈಗ ನಮ್ಮಲ್ಲೂ ಇದೆ. ನೋಡಲು ಕಪ್ಪು ಕಣಜದಂತಿದ್ದರೂ ಕುಟುಕುವುದಿಲ್ಲ. ಮನೆನೊಣದ ಹಾಗೆ ನಮ್ಮ ತಟ್ಟೆಗೆ ಮುತ್ತುವುದೂ ಇಲ್ಲ. ಹುಳುವಾಗಿದ್ದಾಗ ಕೂಡಿಟ್ಟ ಕೊಬ್ಬಿನಲ್ಲೇ ಕೆಲವು ದಿನ ಬದುಕಿ, ಮೊಟ್ಟೆಯಿಟ್ಟು ಸಾಯುತ್ತದೆ.

ತಿನ್ನುವ ಕೆಲಸವೆಲ್ಲ ಹುಳುವಿನದು. ಒಂದು ಹೆಣ್ಣು ನೊಣ ಸುಮಾರು 500 ಮೊಟ್ಟೆ ಇಡುತ್ತದೆ. ಮೊಟ್ಟೆಯೊಡೆದ ಹುಳುಗಳು ಹಣ್ಣಿನ ಸಿಪ್ಪೆ, ಕೊಳೆತ ತರಕಾರಿಗಳನ್ನು ಹಗಲೂ ರಾತ್ರಿ ಮುಕ್ಕಿ, ಎರಡು ಮೂರು ವಾರದಲ್ಲಿ ಸುಮಾರು 2 ಸೆಂಟಿಮೀಟರ್ ಉದ್ದ ಬೆಳೆಯುತ್ತವೆ. ಹೊಟ್ಟೆ ತುಂಬಿದ ಮೇಲೆ ಕಪ್ಪಾಗಿ, ಒಣಜಾಗ ಹುಡುಕುತ್ತ ತಾವೇ ಹೊರಗೆ ತೆವಳುತ್ತವೆ. ತೊಟ್ಟಿಗೆ ಒಂದು ಇಳಿಜಾರು ಹಲಗೆ ಇಟ್ಟರೆ ಸಾಕು. ಹತ್ತಿ ಬಂದು ಆಚೆಯ ಡಬ್ಬಿಗೆ ಬೀಳುತ್ತವೆ! ತೊಟ್ಟಿಯಲ್ಲಿ ಉಳಿಯುವ ಹಿಕ್ಕೆ ಗಿಡಗಳಿಗೆ ಗೊಬ್ಬರ.

ಒಣಗಿಸಿದ ಹುಳುವಿನಲ್ಲಿ ಶೇಕಡಾ 40ರಷ್ಟು ಪ್ರೋಟೀನ್ ಇರುತ್ತದೆ. ಐರೋಪ್ಯ ಒಕ್ಕೂಟವು ಈ ಪ್ರೋಟೀನನ್ನು 2017ರಲ್ಲಿ ಸಾಕುಮೀನುಗಳಿಗೂ, 2021ರಲ್ಲಿ ಕೋಳಿ, ಹಂದಿಗಳಿಗೂ ಕೊಡಲು ಒಪ್ಪಿತು. ಇದರಿಂದ ಸಮುದ್ರಕ್ಕೂ ಲಾಭ. ಮೇವಿಗೆಂದು ಈಗ ಸಣ್ಣ ಮೀನುಗಳನ್ನು ಹಿಡಿದು ಪುಡಿ ಮಾಡುತ್ತಾರೆ. ನಮ್ಮ ಕರಾವಳಿಯ ಬೂತಾಯಿಯೂ ಮೀನುಪುಡಿ ಕಾರ್ಖಾನೆ ಸೇರುವುದುಂಟು. ಆ ಜಾಗವನ್ನು ಹುಳು ತುಂಬಿದಷ್ಟೂ ಮೀನು ಉಳಿಯುತ್ತದೆ.

ಆದರೆ ಹುಳು ತಿಂದದ್ದೇ ಮುಂದೆ ಕೋಳಿಗೆ ಹೋಗುತ್ತದೆ, ನೆನಪಿರಲಿ. ಪ್ಲಾಸ್ಟಿಕ್ ಅದಕ್ಕೆ ಊಟವಲ್ಲ. ಕಸದಲ್ಲಿ ಕ್ಯಾಡ್ಮಿಯಂನಂಥ ವಿಷಲೋಹ ಬೆರೆತರೆ ಅದು ಹುಳುವಿನ ಮೈಯಲ್ಲಿ ಕೂಡಿಕೊಳ್ಳುತ್ತದೆ. ಅದಕ್ಕೇ ಐರೋಪ್ಯ ದೇಶಗಳಲ್ಲಿ ಮನೆ, ಹೋಟೆಲುಗಳ ಎಂಜಲನ್ನು ಇಂಥ ಹುಳುಗಳಿಗೆ ಹಾಕುವಂತಿಲ್ಲ. ಹಸಿಕಸವನ್ನು ಶುದ್ಧವಾಗಿ ಬೇರೆ ಇಡುವ ಮನೆಯಿಂದಲೇ ಈ ಕೆಲಸ ಶುರುವಾಗಬೇಕು.

ಅಜ್ಜ, ಅಜ್ಜಿಯರೇ, ನಿಮಗೂ ಒಂದು ಮಾತು. ಮನೆಯ ಗೊಬ್ಬರದ ಡಬ್ಬಿಯಲ್ಲಿ ಚಪ್ಪಟೆಯಾದ, ಉಂಗುರ ಉಂಗುರ ಮೈಯ ಬೂದು ಹುಳುಗಳು ಕಂಡರೆ ಬಿಸಿನೀರು ಸುರಿಯಬೇಡಿ. ಮೊಮ್ಮಕ್ಕಳನ್ನು ಕರೆದು ತೋರಿಸಿ. ಸಿಪಾಯಿಗಳು ಕೆಲಸದಲ್ಲಿರಬಹುದು!